ಎಡಗೈ ರೈಫಲ್ಲಿಗೆ ಖಂಡೇಪೂಜೆ

ಕೋವಿಡ್ ಹಾವಳಿ ತಗ್ಗಿದ ಮರುವರ್ಷದ ಮಾತು. ಸೈನ್ಯದಲ್ಲಿ ಆರ್ಮರರ್ ಆಗಿದ್ದೆ, ಅಂದರೆ ಬಂದೂಕುಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ಜೋಡಿಸುವ ಕೆಲಸ. ಸುಬೇದಾರನಾಗಿ ನಿವೃತ್ತಿ ಪಡೆದು ಸಿಂದಗಿಯ ಮನೆಗೆ ಬಂದ ಮೇಲೆ ಮಿಕ್ಸರ್, ಫ್ಯಾನು, ಪಕ್ಕದ ಮನೆಯವರ ಬಾಗಿಲ ಚಿಲಕ ಎಲ್ಲವನ್ನೂ ಬಿಚ್ಚಿ ಜೋಡಿಸಿದ್ದಾಯಿತು. ಇನ್ನು ಹೊಲಿಗೆ ಯಂತ್ರಕ್ಕೆ ಕೈ ಹಾಕುತ್ತೇನೆ ಎಂದ ದಿನ ನನ್ನ ಹೆಂಡತಿ ಗಾಬರಿಯಾದಳು. ಅಷ್ಟರಲ್ಲಿ ನಮ್ಮ ಭಾಗದ ಒಂದು ಸಣ್ಣ ರೈಫಲ್ ಕ್ಲಬ್ಬಿನಿಂದ ಕರೆ ಬಂತು. ಆರ್ಮರರ್ ಮತ್ತು ಕೋಚ್ ಎರಡೂ ನಾನೇ ಆಗಬೇಕಂತೆ. ನನಗಿಂತ ಮೊದಲು ಅವಳೇ ಒಪ್ಪಿಕೊಂಡಳು.

ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಕೈಬಿಟ್ಟ ಕಲ್ಲಿನ ಖಣಿಯೊಂದರಲ್ಲಿ ಕ್ಲಬ್ಬಿನ ರೇಂಜು. ಮೂರು ಕಡೆ ಕಲ್ಲಿನ ಗೋಡೆ, ಎದುರಿಗೆ ಮಣ್ಣಿನ ದಿಬ್ಬ, ಐವತ್ತು ಮೀಟರ್ ದೂರದಲ್ಲಿ ಕಾಗದದ ಟಾರ್ಗೆಟ್ಟುಗಳು. ಅಧ್ಯಕ್ಷರು ಇಂಡಿ ಊರಿನ ಮಲ್ಲನಗೌಡರು. ದೊಡ್ಡ ಲಿಂಬೆ ತೋಟ, ಅದಕ್ಕಿಂತ ದೊಡ್ಡ ದನಿ, ಎರಡಕ್ಕಿಂತಲೂ ದೊಡ್ಡ ಮನಸ್ಸು. ಅವರಿಗೆ ಶೂಟಿಂಗ್ ಬರುತ್ತಿರಲಿಲ್ಲ. ಆದರೆ ಬಂದೂಕು ಎಂದರೆ ಪ್ರಾಣ. ಮುಂಜಾನೆ ಬಂದರೆ ಬಂದೂಕು ಇಡುವ ಆರ್ಮರಿಯ ಕೋಣೆಯಲ್ಲಿ ಕುಳಿತು ಧೂಳು ಒರೆಸುವುದೇ ಅವರ ವ್ಯಾಯಾಮ. ಈ ಒರೆಸುವ ಚಟವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಕ್ಲಬ್ಬಿನಲ್ಲಿ ನಾನು ಮೊದಲು ಗಮನಿಸಿದ್ದು ಶಕೀಲಾ ಟೀಚರನ್ನು. ಮಸೂತಿ ಎಂಬ ಊರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮನೆ ಬಾಗೇವಾಡಿಯಲ್ಲಿ. ಗಂಡ ದಸ್ತಗೀರ್ ಟೇಲರ್. ಹೆಂಡತಿಗೆ ಬೇಕಾದ ದಪ್ಪ ಕ್ಯಾನ್ವಾಸಿನ ಶೂಟಿಂಗ್ ಜಾಕೆಟ್ಟನ್ನು ಮೊಬೈಲಿನಲ್ಲಿ ಚಿತ್ರ ನೋಡಿ ತಾವೇ ಹೊಲಿದುಕೊಟ್ಟ ಮಹಾನುಭಾವ. ಮಲಗಿ ಗುರಿಯಿಡುವ ಪ್ರೋನ್ ವಿಭಾಗದಲ್ಲಿ ಅರವತ್ತು ಗುಂಡು, ಒಂದಕ್ಕೆ ಹತ್ತರಂತೆ ಆರುನೂರು ಅಂಕ. ರಾಜ್ಯ ಮಟ್ಟಕ್ಕೆ ಹೋಗಲು ವಿಭಾಗ ಮಟ್ಟದ ಆಯ್ಕೆ ಸ್ಪರ್ಧೆಯಲ್ಲಿ ಐನೂರಾ ಎಪ್ಪತ್ತು ಬೇಕಿತ್ತು. ಟೀಚರ್ ಒಂದು ಸಲ ಐನೂರಾ ಅರವತ್ತೆಂಟು, ಇನ್ನೊಂದು ಸಲ ಐನೂರಾ ಅರವತ್ತೊಂಬತ್ತು ಮಾಡಿ ಹೊರಗೆ ಉಳಿದಿದ್ದರು.

"ಸುಬೇದಾರ್ ಸರ, ತಪ್ಪು ನಂದೋ ಬಂದೂಕಿಂದೋ, ಅಷ್ಟ ಗೊತ್ತಾದ್ರ ಸಾಕ್ರಿ" ಎಂದರು ಮೊದಲ ರವಿವಾರವೇ. "ನಂದ ಅಂತಾದ್ರ ಈ ವರ್ಷಕ್ಕ ಮುಗಿಸಿ ಮನ್ಯಾಗ ಮಕ್ಕಳ ಜೋಡಿ ಕುಂದರ್ತೇನಿ. ಬಂದೂಕಿಂದ ಅಂತಾದ್ರ ಮಾತ್ರ ನಾ ಬಿಡಾಕಿ ಅಲ್ಲ."

ನಾನು ಅವರನ್ನು ಹಳೆಯ ರೈಫಲ್ಲಿನ ಹಿಂದೆ ಮಲಗಿಸಿ ನೋಡಿದೆ. ಐದು ನಿಮಿಷದಲ್ಲಿ ಉತ್ತರ ಅರ್ಧ ಸಿಕ್ಕಿತು. ಟೀಚರ್ ಎಡಚರು. ಎಡ ಭುಜಕ್ಕೆ ರೈಫಲ್ ಇಟ್ಟು, ಎಡಗಣ್ಣಿನಿಂದ ಗುರಿ ನೋಡುತ್ತಿದ್ದರು. ರೈಫಲ್ಲೋ ಬಲಗೈಯವರಿಗಾಗಿ ಮಾಡಿದ್ದು. ಕೆನ್ನೆ ಊರುವ ಉಬ್ಬು ಆಚೆ ಬದಿಗಿತ್ತು. ಪ್ರತಿ ಗುಂಡಿಗೊಮ್ಮೆ ಎಳೆದು ತಳ್ಳಬೇಕಾದ ಬೋಲ್ಟೋ ಬಲಬದಿಗೆ, ಎಡಗೈಗೆ ದೂರ. ಒಂದೊಂದು ಗುಂಡು ಹಾರಿಸಿದ ಮೇಲೂ ಅವರು ಹಿಡಿತ ಬಿಟ್ಟು, ರೈಫಲ್ಲಿನ ಮೇಲಿಂದ ಕೈ ಚಾಚಿ ಬೋಲ್ಟು ಎಳೆದು, ಮತ್ತೆ ಮೊದಲಿನಂತೆ ಮಲಗಬೇಕಿತ್ತು. ಅರವತ್ತು ಸಲ ಹೀಗೆ ಮಾಡಿಯೂ ಐನೂರಾ ಅರವತ್ತೊಂಬತ್ತು ಅಂಕ ಎಂದರೆ ನನಗೆ ಆಶ್ಚರ್ಯಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಇಂಥ ಶಿಷ್ಯರು ಕೋಚಿಗೆ ಸಿಗುವುದು ಅಪರೂಪ.

ಕ್ಲಬ್ಬಿಗೆ ಒಂದು ಹೊಸ ರೈಫಲ್ ತರಿಸುವ ವಿಚಾರ ಮೊದಲೇ ಇತ್ತು. ಕಾಗದಪತ್ರ ಮಾಡಿಸಿಕೊಂಡು ಡೀಲರು ಎರಡು ರೈಫಲ್ಲುಗಳನ್ನು ಪರೀಕ್ಷೆಗೆಂದು ನಮ್ಮ ರೇಂಜಿಗೇ ತಂದ. ಎರಡೂ ಪಾಯಿಂಟ್ ಟೂ-ಟೂ ರಿಮ್‌ಫೈರ್. ದೊಡ್ಡ ಬಂದೂಕಿನ ಕಾಡತೂಸಿನಲ್ಲಿ ಕಿಡಿ ಹೊತ್ತುವ ಮದ್ದು ಹಿಂಬದಿಯ ನಡುವಿನ ಒಂದು ಬೊಟ್ಟಿನಲ್ಲಿ ಇರುತ್ತದೆ. ಈ ಸಣ್ಣ ಕಾಡತೂಸಿನಲ್ಲಿ ಅದು ತಳದ ಅಂಚಿನ ಸುತ್ತ ಹರಡಿಕೊಂಡಿರುತ್ತದೆ. ರಿಮ್ ಎಂದರೆ ಅಂಚು, ಹೆಸರು ಬಂದದ್ದು ಅದರಿಂದ. ಸದ್ದು ಕಡಿಮೆ, ಒದೆತ ಇಲ್ಲವೆಂದೇ ಹೇಳಬಹುದು.

ಮೊದಲನೆಯದು ಅಕ್ರೋಟ್ ಕಟ್ಟಿಗೆಯದು. ಕನ್ನಡಿಯ ಹಾಗೆ ಮಿರುಗುತ್ತಿತ್ತು. ಗೌಡರು ಅದರ ಮೈ ಸವರಿದ ರೀತಿ ನೋಡಿದರೆ ಇಂಡಿಯಿಂದ ಹೋರಿ ನೋಡಲು ಬಂದಂತಿತ್ತು.

"ಏನ ಮೈ ಐತಿ ನೋಡ್ರಿ ಇದರದು! ಮತ್ತೇನ ನೋಡೂದು, ಇದ ಇರ್ಲಿ" ಎಂದರು.

ಎರಡನೆಯದು ಅಲ್ಯುಮಿನಿಯಮ್ಮಿನದು. ಅಲ್ಲೊಂದು ಸ್ಕ್ರೂ, ಇಲ್ಲೊಂದು ತಿರುಪು. ನೋಡಿದರೆ ನಳದ ಮಿಸ್ತ್ರಿ ಮರೆತು ಹೋದ ಸಾಮಾನು ಅನ್ನಿಸುತ್ತಿತ್ತು. ಮೇಲಾಗಿ ಅದು ಎಡಗೈಯವರ ರೈಫಲ್, ಬೋಲ್ಟು ಎಡಕ್ಕಿತ್ತು. ಯಾರೂ ಕೇಳುವವರಿಲ್ಲದೆ ಅಂಗಡಿಯ ಮೂಲೆ ಹಿಡಿದಿತ್ತಂತೆ. ಡೀಲರನೂ ಅದನ್ನು ಸುಮ್ಮನೆ ಜೊತೆಗೆ ಇರಲಿ ಎಂದು ತಂದಿದ್ದ.

ರೈಫಲ್ ಆರಿಸುವಾಗ ನಾನು ಮಾಡುವ ಮೊದಲ ಪರೀಕ್ಷೆಗೆ ಗುಂಡೇ ಬೇಡ. ಬೋಲ್ಟು ತೆರೆದಿಟ್ಟು, ಖಾಲಿ ಇರುವುದನ್ನು ಬೆರಳು ಹಾಕಿ ಖಚಿತಪಡಿಸಿಕೊಂಡು, ಶೂಟರನ್ನು ಮಲಗಿಸುತ್ತೇನೆ. ಕಣ್ಣು ಮುಚ್ಚಿ ಆರಾಮವಾಗಿ ಕೆನ್ನೆ ಊರಬೇಕು. ಎರಡು ಸಲ ಉಸಿರಾಡಿ ಕಣ್ಣು ತೆರೆಯಬೇಕು. ಆಗ ಹಿಂದಿನ ಕಿಂಡಿ, ಮುಂದಿನ ಉಂಗುರ, ದೂರದ ಕಪ್ಪು ವೃತ್ತ ಮೂರೂ ತಾವಾಗಿಯೇ ಒಂದೇ ಸಾಲಿನಲ್ಲಿ ಕಂಡರೆ ಆ ರೈಫಲ್ ಅವರದು. ಕುತ್ತಿಗೆ ಚಾಚಬೇಕಾದರೆ, ಭುಜ ಎಳೆದುಕೊಳ್ಳಬೇಕಾದರೆ, ಅದು ಬೇರೆಯವರದು.

ಕಟ್ಟಿಗೆಯ ರೈಫಲ್ಲಿನ ಹಿಂದೆ ಟೀಚರ್ ಕಣ್ಣು ತೆರೆದಾಗ ಅವರಿಗೆ ಕಂಡದ್ದು ಕಿಂಡಿಯ ಅಂಚು ಮಾತ್ರ. ಅಲ್ಯುಮಿನಿಯಮ್ಮಿನದನ್ನು ತೆಗೆದುಕೊಂಡು ನಾನು ಕೆನ್ನೆ ಪಟ್ಟಿಯನ್ನು ಎತ್ತರಿಸಿದೆ, ಹಿಂಬದಿಯ ಉದ್ದ ಕಡಿಮೆ ಮಾಡಿದೆ, ಭುಜಕ್ಕೆ ತಾಗುವ ಪಟ್ಟಿಯನ್ನು ಸ್ವಲ್ಪ ಇಳಿಸಿದೆ. ಮೂರನೆಯ ಸಲ ಕಣ್ಣು ತೆರೆದವರು ತಲೆ ಎತ್ತಲೇ ಇಲ್ಲ. ಹಾಗೇ ಮಲಗಿದ್ದರು.

"ಏನಾತ್ರಿ ಟೀಚರ್ರ?" ಎಂದೆ.

"ಸರ, ನಾ ಏನೂ ಮಾಡಿಲ್ರಿ. ಎಲ್ಲಾ ತಾನ ಬಂದು ನಡುವ ನಿಂತೈತಿ" ಎಂದರು.

ಗೌಡರಿಗೆ ಸಂಕಟ. "ಕ್ಲಬ್ಬಿನ ಬಂದೂಕು ಒಬ್ಬರಿಗಷ್ಟ ಒಗ್ಗಿದ್ರ ಹೆಂಗ್ರಿ? ಉಳಿದಾವ್ರು ಏನ ಮಾಡ್ಬೇಕು?" ಎಂದು ತಾವೇ ಆ ರೈಫಲ್ಲಿನ ಹಿಂದೆ ಮಲಗಿದರು. ಮಲಗುವುದೇನೋ ಮಲಗಿದರು, ಹೊಟ್ಟೆ ನೆಲಕ್ಕೆ ತಾಗಿ ಹಿಂದೆ ಎರಡೂ ಕಾಲು ಮೇಲೆದ್ದವು. ನಗು ತಡೆಯಲು ನಾವೆಲ್ಲ ಬೇರೆ ಬೇರೆ ದಿಕ್ಕಿಗೆ ನೋಡಿದೆವು. ಒಂದಿಷ್ಟು ಹೊತ್ತು ಒದ್ದಾಡಿ ಎದ್ದು, ಮೈಯ ಮಣ್ಣು ಕೊಡವಿಕೊಂಡು, ತಾವೂ ನಕ್ಕು ತೀರ್ಪು ಕೊಟ್ಟರು: "ನನಗ ಯಾವುದೂ ಒಗ್ಗಂಗಿಲ್ಲ ಬಿಡ್ರಿ. ಬಲಗೈ ಮಂದಿಗೆ ಹಳೇವು ನಾಕು ಅದಾವು. ಟೀಚರ್‌ಗೆ ಒಂದೂ ಇಲ್ಲ. ಇದ ತಗೋರಿ."

ಅಂದಿನಿಂದ ಆ ರೈಫಲ್ಲಿಗೆ ಗೌಡರೇ ಪಾಲಕರು.

ರೈಫಲ್ ಸಿಕ್ಕರೆ ಅರ್ಧ ಕೆಲಸ. ಉಳಿದರ್ಧ ಕಾಡತೂಸು. ಇಲ್ಲಿಯೇ ಬಹಳ ಜನ ಎಡವುವುದು. ಬೆಲೆ ಹೆಚ್ಚಿದ್ದರೆ, ವೇಗ ಹೆಚ್ಚಿದ್ದರೆ ಗುರಿಯೂ ಚೆನ್ನಾಗಿರುತ್ತದೆ ಎಂದುಕೊಳ್ಳುತ್ತಾರೆ. ಗೌಡರೂ ಅತಿ ವೇಗದ ಒಂದು ಡಬ್ಬಿ ಹಿಡಿದುಕೊಂಡೇ ಬಂದಿದ್ದರು. ಸದ್ದಿನ ವೇಗ ಸೆಕೆಂಡಿಗೆ ಸುಮಾರು ಮುನ್ನೂರ ನಲವತ್ತು ಮೀಟರ್. ಗುಂಡು ಅದಕ್ಕಿಂತ ಜೋರಾಗಿ ಹೊರಟು, ದಾರಿಯಲ್ಲಿ ನಿಧಾನವಾಗುತ್ತ ಆ ವೇಗವನ್ನು ಹಾದು ಕೆಳಗಿಳಿಯುವಾಗ ಗಾಳಿಯಲ್ಲಿ ತುಸು ತೊನೆಯುತ್ತದೆ. ಅದಕ್ಕೇ ಟಾರ್ಗೆಟ್ ಶೂಟಿಂಗಿಗೆ ಮೊದಲಿನಿಂದಲೂ ಸದ್ದಿಗಿಂತ ಕಡಿಮೆ ವೇಗದ ಕಾಡತೂಸನ್ನೇ ಆರಿಸುತ್ತಾರೆ. ಇದಾದ ಮೇಲೆ ಇನ್ನೊಂದು ಮಾತು. ಒಂದೇ ಕಂಪನಿಯ, ಒಂದೇ ಹೆಸರಿನ ಕಾಡತೂಸಾದರೂ ಒಂದೊಂದು ಸಲ ತಯಾರಾದ ರಾಶಿಗೆ ಒಂದೊಂದು ನಂಬರು ಇರುತ್ತದೆ. ಅದಕ್ಕೆ ಲಾಟ್ ಎನ್ನುತ್ತಾರೆ. ಒಂದು ಲಾಟನ್ನು ಮೆಚ್ಚಿದ ಬ್ಯಾರೆಲ್ಲು ಇನ್ನೊಂದನ್ನು ಮೂಸಿಯೂ ನೋಡದೆ ಇರಬಹುದು. ಯಾಕೆ ಎಂದು ಪೂರ್ತಿ ಹೇಳಬಲ್ಲವರನ್ನು ನಾನು ಇನ್ನೂ ಕಂಡಿಲ್ಲ. ಹಾರಿಸಿ ನೋಡುವುದೊಂದೇ ದಾರಿ.

ಮರಳಿನ ಚೀಲದ ಮೇಲೆ ರೈಫಲ್ ಊರಿಸಿ ನಾನೇ ಮಲಗಿದೆ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ಮೊದಲ ಹತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಈ ಗುಂಡುಗಳ ಮೈಗೆ ಮೇಣ ಸವರಿರುತ್ತದೆ. ಆ ಮೇಣ ಬ್ಯಾರೆಲ್ಲಿನ ಒಳಗೆ ತೆಳ್ಳಗೆ, ಸಮನಾಗಿ ಕೂತ ಮೇಲೆಯೇ ಬ್ಯಾರೆಲ್ಲು ತನ್ನ ನಿಜ ಹೇಳುವುದು. ಆಮೇಲೆ ಐದೈದು ಗುಂಡಿನ ಗುಂಪು. ಗುಂಪು ಎಷ್ಟು ಅಗಲವಾಯಿತು ಎಂದು ವರ್ನಿಯರ್ ಹಿಡಿದು ಅಳೆದವರು ಟೀಚರ್.

ಗೌಡರ ಅತಿ ವೇಗದ್ದು ನಲವತ್ತೈದು ಮಿಲಿಮೀಟರ್, ಜೋಳ ಚೆಲ್ಲಿದ ಹಾಗೆ. ಎಲ್ಲಕ್ಕಿಂತ ದುಬಾರಿಯದು ಇಪ್ಪತ್ತೆರಡು. ಅಭ್ಯಾಸಕ್ಕೆಂದು ಮಾರುವ ಅಗ್ಗದ್ದು ಮೂವತ್ತು. ನಡುವಿನ ಬೆಲೆಯ, ಒಂದೇ ಕಂಪನಿಯ ಎರಡು ಲಾಟುಗಳಲ್ಲಿ ಒಂದು ಇಪ್ಪತ್ತು. ಇನ್ನೊಂದು ಲಾಟಿನ ಐದು ಗುಂಡು ಸೇರಿ ಒಂದೇ ಹರಕು ತೂತು ಮಾಡಿದವು, ಹದಿಮೂರು ಮಿಲಿಮೀಟರ್. ಮತ್ತೆ ಹಾರಿಸಿದೆ, ಹನ್ನೆರಡು. ಟೀಚರ್ ಆ ಕಾಗದವನ್ನು ಬಿಸಿಲಿಗೆ ಹಿಡಿದು ತೂತಿನಲ್ಲಿ ಹಣಿಕಿ ನನ್ನನ್ನು ನೋಡಿದರು. ಇಬ್ಬರೂ ಪರೀಕ್ಷೆಯಲ್ಲಿ ಪಾಸಾದ ಹುಡುಗರಂತೆ ನಕ್ಕೆವು. ಡೀಲರನ ಹತ್ತಿರ ಆ ಲಾಟಿನದು ಇದ್ದಷ್ಟನ್ನೂ ಕ್ಲಬ್ಬಿಗೆ ತರಿಸಿಕೊಂಡೆ.

ಕೊನೆಯದಾಗಿ ಒಂದು ಸೂಕ್ಷ್ಮ. ಬ್ಯಾರೆಲ್ ಕೂತ ಭಾಗವನ್ನು ಸ್ಟಾಕಿಗೆ, ಅಂದರೆ ಭುಜಕ್ಕೆ ಒರಗುವ ಕೆಳಮೈಗೆ, ಬಿಗಿದು ಹಿಡಿಯುವ ಎರಡು ಸ್ಕ್ರೂಗಳಿರುತ್ತವೆ. ಅವು ಹೆಚ್ಚು ಬಿಗಿಯಾದರೂ ಗುಂಪು ಕೆಡುತ್ತದೆ, ಸಡಿಲಾದರೂ ಕೆಡುತ್ತದೆ. ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಐದು ನ್ಯೂಟನ್ ಮೀಟರಿಗೆ ಕೂರಿಸಿ, ಅಲುಗಿದರೆ ತಿಳಿಯಲಿ ಎಂದು ತಲೆಯ ಮೇಲೆ ಬಿಳಿ ಬಣ್ಣದ ಗೀಟು ಎಳೆದೆ. ಬ್ಯಾರೆಲ್ಲಿನ ಒಳಗೆ ಯಾರೂ ಏನೂ ಹಾಕಬಾರದು ಎಂದು ಎಲ್ಲರಿಗೂ ಹೇಳಿದೆ. ಗೌಡರು ಅಂದು ಊರಲ್ಲಿ ಇರಲಿಲ್ಲ.

ಮಳೆಗಾಲವೆಲ್ಲ ಅಭ್ಯಾಸ ನಡೆಯಿತು. ಟೀಚರ್ ಐನೂರಾ ಎಪ್ಪತ್ತೈದರ ಕೆಳಗೆ ಇಳಿಯುವುದನ್ನೇ ಮರೆತರು. ದಸ್ತಗೀರ್ ಜಾಕೆಟ್ಟಿನ ಎಡ ಭುಜಕ್ಕೆ ಹೊಸ ಚರ್ಮ ಹಚ್ಚಿಕೊಟ್ಟರು. ಆಯ್ಕೆ ಸ್ಪರ್ಧೆ ಆ ಸಲ ನಮ್ಮ ರೇಂಜಿನಲ್ಲೇ, ವಿಜಯದಶಮಿಯ ಮರುದಿನ. ಅಷ್ಟರಲ್ಲಿ ಮೆಚ್ಚಿನ ಲಾಟಿನ ಕಾಡತೂಸು ಕರಗುತ್ತ ಬಂದು ಎರಡೇ ಡಬ್ಬಿ, ಅಂದರೆ ನೂರು ಉಳಿದಿತ್ತು. ಸ್ಪರ್ಧೆಗೆ ಅರವತ್ತು, ಅದಕ್ಕೂ ಮೊದಲು ಗಾಳಿ ಮತ್ತು ಗುರಿ ನೋಡಿಕೊಳ್ಳಲು ಒಂದಿಷ್ಟು. ಸಾಕಷ್ಟಾಯಿತು ಎಂದು ನೆಮ್ಮದಿಯಿಂದ ನಾನು ಖಂಡೇನವಮಿಗೆ ಸಿಂದಗಿಗೆ ಹೋದೆ. ನಮ್ಮ ಕಡೆ ಅಂದು ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲ ಆಯುಧ, ಉಪಕರಣಗಳನ್ನು ತೊಳೆದು ಪೂಜೆಗೆ ಇಡುತ್ತಾರೆ. ನಾನೂ ನನ್ನ ಪಾನಾ, ಸ್ಕ್ರೂಡ್ರೈವರುಗಳಿಗೆ ವಿಭೂತಿ ಹಚ್ಚಿ ಹೋಳಿಗೆ ತಿಂದೆ. ಆರ್ಮರಿಯ ಕೀಲಿಕೈ ನಿಯಮದಂತೆ ಗೌಡರ ಹತ್ತಿರವಿತ್ತು.

ದಶಮಿಯ ಮಧ್ಯಾಹ್ನ ರೇಂಜಿಗೆ ಬಂದೆ. ಟೀಚರ್ ಕೊನೆಯ ಅಭ್ಯಾಸಕ್ಕೆ ಮಲಗಿದ್ದರು. ಅಭ್ಯಾಸಕ್ಕೆಂದು ಇಟ್ಟ, ಅದೇ ಕಂಪನಿಯ, ಇಪ್ಪತ್ತು ಮಿಲಿಮೀಟರಿನ ಗುಂಪು ಕೊಟ್ಟಿದ್ದ ಲಾಟು ಹಾರಿಸುತ್ತಿದ್ದರು. ಮೊದಲ ಗುಂಡು ಏಳರ ವೃತ್ತಕ್ಕೆ, ಕೆಳಗೆ. ಎರಡನೆಯದು ಎಂಟಕ್ಕೆ, ಮೇಲೆ. ಮೂರನೆಯದು ಎಡಕ್ಕೆ. ಟೀಚರ್ ರೈಫಲ್ ಇಳಿಸಿ ನನ್ನ ಕಡೆ ತಿರುಗಿದರು. ಅವರ ಮುಖ ನೋಡಿ ನನಗೆ ಕೆಡುಕೆನಿಸಿತು.

"ನಂದ ತಪ್ಪು ಕಾಣ್ತದ್ರಿ ಸರ. ನಾಳೆದ ನೆನಸಿ ಕೈ ನಡಗಾಕತ್ತಾವು" ಎಂದರು.

ಮೊಣಕೈ ಊರಿ ಮಲಗಿ ಹಾರಿಸುವವರ ಗುಂಡು ಕೈ ನಡುಗಿದರೂ ಇಷ್ಟು ದೂರ ಅಲೆಯುವುದಿಲ್ಲ. ನಾನು ಬೋಲ್ಟು ತೆಗೆದು ಬ್ಯಾರೆಲ್ಲಿನೊಳಗೆ ನೋಡಿದೆ. ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿತ್ತು. ಒಳಮೈಗೆಲ್ಲ ಎಣ್ಣೆಯ ಪಸೆ. ಸ್ಕ್ರೂಗಳ ತಲೆಯ ಮೇಲಿನ ಬಿಳಿ ಗೀಟುಗಳೂ ಮಾಯ! ಅಷ್ಟರಲ್ಲಿ ಹಿಂದಿನಿಂದ ಗೌಡರ ದನಿ ಕೇಳಿಸಿತು.

"ಹೆಂಗೈತ್ರಿ ಸುಬೇದಾರ್ರ? ನಿನ್ನೆ ಮುಂಜಾನಿಂದ ಮಧ್ಯಾಹ್ನದ ಮಟ ಒಬ್ಬನ ಕುಂತು ತೊಳದೇನಿ. ನಳಗಿ ಒಳಗ ಮೇಣದ ಹೊಲಸು ಎಷ್ಟಿತ್ತಂತೀರಿ! ಪೂಜಿಗೆ ಹಂಗ ಇಡಾಕ ಬರ್ತೈತೇನ್ರಿ? ಸ್ಕ್ರೂ ಬಿಚ್ಚಿ ಒಳಗೂ ಒರಿಸಿ, ಮತ್ತ ಗಟ್ಟ್ಯಾಗಿ ಬಿಗಿದೇನಿ. ಯಾವನೋ ಅದರ ತಲಿಮ್ಯಾಲ ಸುಣ್ಣ ಬ್ಯಾರೆ ಬಡದಿದ್ದ!"

ನನಗೆ ಸಿಟ್ಟು ನೆತ್ತಿಗೇರಿತು. ಸೈನ್ಯದಲ್ಲಿ ಕಲಿತ ಒಂದೆರಡು ಮಾತು ನಾಲಗೆಯ ತುದಿಗೂ ಬಂದವು. ಆದರೆ ಆ ಮನುಷ್ಯನ ಮುಖದಲ್ಲಿದ್ದ ಹಿಗ್ಗನ್ನು ನೋಡಿದರೆ ಬೈಯುವುದಾದರೂ ಹೇಗೆ? ಮೆತ್ತಗೆ ವಿಷಯ ಹೇಳಿದೆ. ಕೇಳುತ್ತ ಕೇಳುತ್ತ ಗೌಡರಂಥ ಗೌಡರು ಮರಳಿನ ಚೀಲದ ಮೇಲೆ ಕುಸಿದು ಕೂತರು.

"ನಾನ ಹಾಳ ಮಾಡಿಬಿಟ್ನೆಲ್ರಿ ಟೀಚರ್ರ" ಎಂದರು.

ಟೀಚರ್ ಮಾತ್ರ ನಗಲು ಶುರುಮಾಡಿದ್ದರು. ತಪ್ಪು ತಮ್ಮದಲ್ಲ ಎಂದು ತಿಳಿದದ್ದೇ ಅವರಿಗೆ ಹಬ್ಬವಾಗಿತ್ತು. "ಇರ್ಲಿ ಬಿಡ್ರಿ ಗೌಡ್ರ. ರೈಫಲ್ ಹಬ್ಬದೂಟ ಜಾಸ್ತಿ ಮಾಡೇತಿ. ಜೀರ್ಣ ಆಗಾಕ ಸ್ವಲ್ಪ ಟೈಮ್ ಕೊಡೂಣು."

ಸ್ಕ್ರೂಗಳನ್ನು ಬಿಚ್ಚಿ ಟಾರ್ಕ್ ರೆಂಚಿನಿಂದ ಮತ್ತೆ ಐದಕ್ಕೆ ಕೂರಿಸಿದೆ. ಒಣ ಬಟ್ಟೆ ಹಾಯಿಸಿ ಹಾಯಿಸಿ ಎಣ್ಣೆ ತೆಗೆದೆ. ಇನ್ನು ಬ್ಯಾರೆಲ್ಲಿಗೆ ಮೇಣ ಕೂರಿಸಬೇಕು. ಮೆಚ್ಚಿನ ಲಾಟನ್ನು ಅದಕ್ಕೆ ಸುರಿದರೆ ನಾಳೆಗೆ ಸಾಲದು. ಅಭ್ಯಾಸದ ಲಾಟೂ ಅದೇ ಕಂಪನಿಯದು, ಮೇಣವೂ ಅದೇ. ಅದನ್ನೇ ಹಾರಿಸಲು ಹೇಳಿದೆ. ಮೊದಲ ಹತ್ತು ಎಲ್ಲೆಂದರಲ್ಲಿ ಹೋದವು. ಮುಂದಿನ ಹತ್ತು ಎಂಟು, ಒಂಬತ್ತರ ನಡುವೆ. ಆಮೇಲೆ ಒಂದೊಂದಾಗಿ, ಸಂಜೆಗೆ ಮನೆ ಕಡೆ ಬರುವ ದನಗಳಂತೆ, ನಡುವಿಗೆ ಸರಿದವು. ಕೊನೆಗೆ ಮೆಚ್ಚಿನ ಲಾಟಿನ ಹದಿನೈದು ಕೊಟ್ಟೆ. ಕಡೆಯ ಐದು ಒಂದೇ ಹರಕು ತೂತು. ಹೊತ್ತು ಇಳಿಯುತ್ತಿತ್ತು. ನಾನು ರೈಫಲ್ಲನ್ನು ಪೆಟ್ಟಿಗೆಗೆ ಇಟ್ಟು ಕೀಲಿ ಹಾಕಿಸಿ, ಒರೆಸುವ ಬಟ್ಟೆಗಳನ್ನೆಲ್ಲ ನನ್ನ ಚೀಲಕ್ಕೆ ತುಂಬಿಕೊಂಡೆ.

ದಶಮಿಯ ಸಂಜೆ ನಮ್ಮಲ್ಲಿ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತೇವೆ. ನಾವೂ ನೀವೂ ಬಂಗಾರದ ಹಾಗೆ ಇರೋಣ ಎನ್ನುತ್ತೇವೆ. ಹಳೆಯ ಜಗಳವೂ ಅಲ್ಲಿಗೆ ಮುಗಿಯುತ್ತದೆ. ಗೌಡರು ಪ್ರತಿ ವರ್ಷ ಒಂದು ಚೀಲ ಬನ್ನಿ ತಂದು ಕ್ಲಬ್ಬಿನವರಿಗೆಲ್ಲ ಹಂಚುವವರು. ಅಂದು ಚೀಲ ಜೀಪಿನಲ್ಲೇ ಉಳಿಯಿತು. "ಯಾವ ಮಾರಿ ಇಟಗೊಂಡು ಕೊಡ್ಲಿ ಬಂಗಾರ" ಎಂದು ಹೊರಟೇ ಹೋದರು.

ಮರುದಿನ ಮುಂಜಾನೆಯ ಮೊದಲ ಸರತಿಯಲ್ಲೇ ಟೀಚರ್ ಹೆಸರು. ಬಿಸಿಲೇರಿದ ಮೇಲೆ ಖಣಿಯಲ್ಲಿ ಗಾಳಿ ಸುಳಿಯುತ್ತದೆ, ಆದ್ದರಿಂದ ಮೊದಲ ಸರತಿ ಸಿಕ್ಕಿದ್ದು ಅದೃಷ್ಟ. ಮೊದಲ ಹತ್ತರಲ್ಲಿ ತೊಂಬತ್ತೈದು. ನನ್ನ ಉಸಿರು ಸ್ವಲ್ಪ ಇಳಿಯಿತು. ಎರಡನೆಯದರಲ್ಲಿ ತೊಂಬತ್ತೇಳು. ದಸ್ತಗೀರ್ ನನ್ನ ಪಕ್ಕದಲ್ಲಿ ನಿಂತು ಅಳತೆಯ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಗೌಡರು ಹೊರಗೆ ಜೀಪಿನಲ್ಲಿ, ರೇಂಜಿಗೆ ಬೆನ್ನು ಮಾಡಿ ಕೂತಿದ್ದರು. ಪ್ರತಿ ಗುಂಡಿನ ಸದ್ದಿಗೂ ಅವರ ಭುಜ ಹಾರುವುದು ಇಲ್ಲಿಂದಲೇ ಕಾಣುತ್ತಿತ್ತು.

ಹತ್ತು ಗುಂಡುಗಳ ಐದನೆಯ ಸರಣಿಯ ಹೊತ್ತಿಗೆ ಗಾಳಿ ಎದ್ದಿತು. ಕಂಬಕ್ಕೆ ಕಟ್ಟಿದ ಬಟ್ಟೆ ಬಲಕ್ಕೆ ಹಾರಿತು. ಹಳೆಯ ರೈಫಲ್ಲಾಗಿದ್ದರೆ ಇಷ್ಟೊತ್ತಿಗೆ ಟೀಚರ್ ಮೈ ಮುರಿದು ಹೋಗಿರುತ್ತಿತ್ತು. ಈಗ ಅವರ ಎಡಗೈ ಮಾತ್ರ ಬೋಲ್ಟಿನ ಮೇಲೆ ಸರಿದು ಮರಳುತ್ತಿತ್ತು, ಉಳಿದ ಮೈ ಅಲುಗಿರಲಿಲ್ಲ. ಗಾಳಿ ನಿಲ್ಲುವವರೆಗೆ ಕಾದರು, ಹಾರಿಸಿದರು, ಮತ್ತೆ ಕಾದರು. ಕೊನೆಯ ಗುಂಡು ಹಾರಿದಾಗ ಇನ್ನೂ ಸಮಯ ಉಳಿದಿತ್ತು.

ಅಂಕ ಎಣಿಸಿ ಬೋರ್ಡಿಗೆ ಬರೆದರು. ಐನೂರಾ ಎಂಬತ್ತೊಂದು.

ದಸ್ತಗೀರ್ "ಯಾ ಅಲ್ಲಾ" ಎಂದು ನನ್ನನ್ನು ತಬ್ಬಿಕೊಂಡರು. ನಾನು ಸೈನ್ಯದಲ್ಲಿ ಇಷ್ಟು ವರ್ಷ ಇದ್ದು ಕಣ್ಣೀರು ತಡೆಯುವುದನ್ನು ಕಲಿತಿರಲಿಲ್ಲ ಎಂದು ಅಂದು ತಿಳಿಯಿತು. ಟೀಚರ್ ಜಾಕೆಟ್ಟು ಬಿಚ್ಚದೆಯೇ, ಬಗ್ಗಿ ಚಾಪೆಯ ಮೇಲಿಂದ ಏನನ್ನೋ ಹೆಕ್ಕಿಕೊಂಡು ನೇರ ಜೀಪಿನ ಹತ್ತಿರ ನಡೆದರು. ನಾವೂ ಹಿಂದೆ ಹೋದೆವು.

ಗೌಡರು ತಿರುಗಿ ನೋಡಿ ಕೆಳಗಿಳಿದರು. ಕೇಳಲು ಧೈರ್ಯವಿಲ್ಲ. ಟೀಚರ್ ಅವರ ಅಂಗೈ ಹಿಡಿದು, ಹಾರಿಸಿದ ಒಂದು ಖಾಲಿ ಕಾಡತೂಸನ್ನು ಅದರಲ್ಲಿಟ್ಟರು. ಹಿತ್ತಾಳೆಯ ಕೊಳವೆ ಬಿಸಿಲಿಗೆ ಥಳಥಳ ಎನ್ನುತ್ತಿತ್ತು.

"ನೀವು ನಿನ್ನೆ ಬನ್ನಿ ಕೊಡ್ಲಿಲ್ರಿ ಗೌಡ್ರ. ನಾನ ಕೊಡ್ತೇನಿ ತಗೋರಿ. ಕಡೀ ಗುಂಡಿಂದು, ಹತ್ತಕ್ಕ ಬಿದ್ದೇತಿ. ನಾವೂ ನೀವೂ ಬಂಗಾರದಂಗ ಇರೂಣು."

ಇಂಡಿಯಿಂದ ಮುದ್ದೇಬಿಹಾಳದವರೆಗೆ ಕೇಳಿಸುವ ದನಿಯ ಮನುಷ್ಯ ಪಿಸುದನಿಯಲ್ಲಿ "ಇರೂಣ್ರಿ" ಎಂದು ಅದನ್ನು ಕಣ್ಣಿಗೊತ್ತಿ ಜೇಬಿಗಿಳಿಸಿದರು. ಆಮೇಲೆ ಜೀಪಿನಿಂದ ಚೀಲ ಎಳೆದು, ಬಾಡಿದ ಬನ್ನಿಯನ್ನೆಲ್ಲ ಸ್ಪರ್ಧಿಗಳು, ತೀರ್ಪುಗಾರರು, ಟಾರ್ಗೆಟ್ ಬದಲಿಸುವವರು ಎನ್ನದೆ ಎಲ್ಲರಿಗೂ ಹಂಚಿದರು. ಒಂದೊಂದು ಖಾಲಿ ಕಾಡತೂಸನ್ನೂ ಕ್ಲಬ್ಬಿಗೆ ಮರಳಿಸಬೇಕೆಂದು ನಿಯಮ ಮಾಡಿದವನು ನಾನೇ. ಆ ಹೊತ್ತು ಬಾಯಿ ಮುಚ್ಚಿಕೊಂಡು ಬನ್ನಿ ತೆಗೆದುಕೊಂಡೆ.

ಟಾರ್ಗೆಟ್ ರೈಫಲ್ ಹೇಗೆ ಆರಿಸಬೇಕು ಎಂದು ಈಗಲೂ ಜನ ಕೇಳುತ್ತಾರೆ. ಅದರ ಹಿಂದೆ ಮಲಗುವವರ ಮೈ ನೋಡಿ ಆರಿಸಿ, ಕಾಡತೂಸನ್ನು ಬ್ಯಾರೆಲ್ಲಿಗೇ ಆರಿಸಲು ಬಿಡಿ, ಎರಡೂ ಹೊಂದಿಕೊಂಡ ಮೇಲೆ ದಯವಿಟ್ಟು ಸುಮ್ಮನಿರಿ ಎನ್ನುತ್ತೇನೆ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮೂರರಲ್ಲಿ ಕಷ್ಟದ್ದು ಕೊನೆಯದು, ಅದರಲ್ಲೂ ಪ್ರೀತಿ ಹೆಚ್ಚಿದ್ದವರಿಗೆ.

ಮುಂದಿನ ಖಂಡೇನವಮಿಗೆ ನಾನು ಸಿಂದಗಿಗೆ ಹೋಗದೆ ಬೆಳಿಗ್ಗೆಯೇ ಆರ್ಮರಿಗೆ ಬಂದು ನಿಂತೆ. ಎಡಗೈ ರೈಫಲ್ಲಿನ ಪೆಟ್ಟಿಗೆ ಮುಚ್ಚಿತ್ತು, ಅದರ ಬೀಗಕ್ಕೆ ಚೆಂಡುಹೂವಿನ ಮಾಲೆ. ಗೌಡರು ಎರಡೂ ಕೈ ಎತ್ತಿ ತೋರಿಸಿ, "ತೆಗದೂ ನೋಡಿಲ್ರಿ" ಎಂದರು. ಪೆಟ್ಟಿಗೆಯ ಮುಂದೆ ಒಂದು ತಟ್ಟೆಯಿತ್ತು. ಅದರಲ್ಲಿ ತೊಳೆದು, ತಿಕ್ಕಿ, ವಿಭೂತಿ ಹಚ್ಚಿ ಇಟ್ಟಿದ್ದ ಆ ಒಂದು ಖಾಲಿ ಕಾಡತೂಸು ಬಂಗಾರದ ಹಾಗೆ ಹೊಳೆಯುತ್ತಿತ್ತು.